ಜೋಪಾನ ಮಾಡಿದ ಲೆನ್ಸಿಗೇ ಬೂಷ್ಟು ಬಂದದ್ದು: ತೀರ್ಥಹಳ್ಳಿ ಕಡೆಯ ಒಂದು ಪ್ರಕರಣ

ಎರಡು ವರ್ಷದ ಹಿಂದಿನ ಮಾತು. ದೀಪಾವಳಿಗೆ ಅಕ್ಕನ ಮನೆಗೆ ಹೋಗಿದ್ದೆ. ತೀರ್ಥಹಳ್ಳಿಯಿಂದ ಆಗುಂಬೆ ರಸ್ತೆ ಹಿಡಿದು, ಅರ್ಧ ದಾರಿಯಲ್ಲಿ ಒಳಗೆ ತಿರುಗಿದರೆ ಅವರ ಹಳ್ಳಿ. ಮನೆ ಮುಂದೆ ಅಂಗಳ, ಅಂಗಳದ ಕೆಳಗೆ ಅಡಿಕೆ ತೋಟ, ತೋಟದ ಆಚೆ ಕಾಡು. ಹಕ್ಕಿ ಫೋಟೋ ತೆಗೆಯುವವರಿಗೆ ಇನ್ನೇನು ಬೇಕು? ಭಾವನಿಗೆ ಆ ಹುಚ್ಚು ಹತ್ತಿ ಆಗಲೇ ಆರೇಳು ವರ್ಷ ಆಗಿತ್ತು.

ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಕೂತಾಗ ಭಾವ ಲ್ಯಾಪ್‌ಟಾಪ್ ತೆರೆದರು.

"ಇದಕ್ಕೆ ಎಂತ ಆಗಿದೆ ನೋಡು ಮಾರಾಯ."

ಅತ್ತಿಮರದ ಕೊಂಬೆ ಮೇಲೆ ಮಂಗಟ್ಟೆ ಹಕ್ಕಿ. ಬೆಳಗಿನ ಬಿಸಿಲು ಹಕ್ಕಿಯ ಹಿಂದಿನಿಂದ ಬರುತ್ತಿದೆ. ಒಳ್ಳೆಯ ಕ್ಷಣವೇ. ಆದರೆ ಚಿತ್ರದ ಮೇಲೆ ಯಾರೋ ಒಂದು ಲೋಟ ಹಾಲು ಚೆಲ್ಲಿದ ಹಾಗಿತ್ತು. ಹಕ್ಕಿಯ ಕಪ್ಪು ರೆಕ್ಕೆ ಕಪ್ಪಾಗಿರಲಿಲ್ಲ, ಬೂದಿ ಬಣ್ಣ. ಕೊಕ್ಕಿನ ಹಳದಿಯೂ ಸಪ್ಪೆ. ಮುಂದಿನ ಚಿತ್ರಗಳೂ ಹಾಗೇ. ಬಿಸಿಲು ಬೆನ್ನ ಹಿಂದಿದ್ದಾಗ ತೆಗೆದವು ಪರವಾಗಿಲ್ಲ ಅನ್ನಿಸುವ ಹಾಗಿದ್ದವು. ಬೆಳಕಿಗೆ ಎದುರಾಗಿ ತೆಗೆದವೆಲ್ಲ ಹಾಲು ಹಾಲು.

ಭಾವ ಮೊದಲು ಇಬ್ಬನಿ ಅಂದುಕೊಂಡಿದ್ದರಂತೆ. ಆಮೇಲೆ ಸೆಟ್ಟಿಂಗ್ ತಪ್ಪಿದೆ ಅಂದುಕೊಂಡರು. ಕೊನೆಗೆ ಪೇಟೆಯ ಒಂದು ಅಂಗಡಿಗೆ ತೆಗೆದುಕೊಂಡು ಹೋದರು. ಅಲ್ಲಿ ಸೆನ್ಸರ್, ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕ, ಗಲೀಜಾಗಿದೆ ಅಂತ ಹೇಳಿ, ಒರೆಸಿ, ಏಳುನೂರು ರೂಪಾಯಿ ತೆಗೆದುಕೊಂಡರು. ಚಿತ್ರ ಮಾತ್ರ ಬದಲಾಗಲಿಲ್ಲ.

ಸೆನ್ಸರ್ ಅಲ್ಲ ಅಂತ ಕೂತಲ್ಲೇ ಹೇಳಬಹುದಿತ್ತು. ಸೆನ್ಸರಿನ ಮೇಲೆ ಧೂಳು ಕೂತರೆ ಚಿತ್ರದಲ್ಲಿ ಚುಕ್ಕಿ ಬರುತ್ತದೆ. ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ. ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ, ಕಿರಿದು ಮಾಡಿದಷ್ಟೂ ಆ ಚುಕ್ಕಿ ಸ್ಪಷ್ಟವಾಗುತ್ತದೆ. ಇಡೀ ಚಿತ್ರ ಮಂಕಾಗುವುದಿಲ್ಲ. ಇನ್ನೊಂದು ಸುಳಿವು ಅದೇ ಫೋಲ್ಡರಿನಲ್ಲಿತ್ತು. ಅದೇ ಬೆಳಿಗ್ಗೆ ಅದೇ ಕ್ಯಾಮೆರಾದಲ್ಲಿ 35 ಎಂ.ಎಂ. ಲೆನ್ಸ್ ಹಾಕಿ ಮಗಳ ಫೋಟೋ ತೆಗೆದಿದ್ದರು. ಕಿಟಕಿ ಬೆಳಕಿಗೆ ಎದುರಾಗಿ. ಅದು ಕನ್ನಡಿ ಹಾಗಿತ್ತು. ಅಂದರೆ ತೊಂದರೆ ಇದ್ದದ್ದು ಹಕ್ಕಿ ತೆಗೆಯುವ 70-300 ಜೂಮ್ ಲೆನ್ಸಿನಲ್ಲಿ.

ಟಾರ್ಚ್ ಹಿಡಿದಾಗ

ದೀಪ ಆರಿಸಿ, ಜೂಮಿನ ಎರಡೂ ಕಡೆಯ ಮುಚ್ಚಳ ತೆಗೆದೆ. ಮೊಬೈಲ್ ಟಾರ್ಚನ್ನು ಹಿಂದಿನ ಬಾಯಿಗೆ ಹಿಡಿದು, ಮುಂದಿನಿಂದ ನೋಡಿದೆ. ನೇರವಾಗಿ ಅಲ್ಲ, ಸ್ವಲ್ಪ ಓರೆಯಾಗಿ. ನೇರ ನೋಡಿದರೆ ಟಾರ್ಚಿನ ಬೆಳಕೇ ಕಣ್ಣಿಗೆ ಹೊಡೆದು ಬೇರೇನೂ ಕಾಣುವುದಿಲ್ಲ.

ಮೊದಲು ಕಂಡದ್ದು ಧೂಳು. ಅದು ಎಲ್ಲ ಲೆನ್ಸಿನಲ್ಲೂ ಇರುತ್ತದೆ, ತಲೆ ಕೆಡಿಸಿಕೊಳ್ಳಬೇಕಿಲ್ಲ. ಲೆನ್ಸನ್ನು ನಿಧಾನ ತಿರುಗಿಸುತ್ತಾ ಹೋದ ಹಾಗೆ ಒಳಗಿನ ಒಂದು ಗಾಜಿನ ಮೇಲೆ ಬೆಳ್ಳಗೆ ಏನೋ ಮಿಂಚಿತು. ಹತ್ತಿಯ ಎಳೆ ಬಿಡಿಸಿ ಅಂಟಿಸಿದ ಹಾಗೆ. ಒಂದು ಬಿಂದುವಿನಿಂದ ಹೊರಟು ಸುತ್ತಲೂ ಕವಲೊಡೆದಿತ್ತು. ಬೇರಿನ ಹಾಗೆ. ಸರಿಸುಮಾರು ಗಾಜಿನ ನಡುವೆಯೇ, ಎಂಟಾಣೆ ಅಗಲ. ಹಿಂದಿನ ಗಾಜಿನ ಹೊರಮೈ ಮೇಲೂ ಅಂಚಿಗೆ ಎರಡು ಸಣ್ಣ ಮಚ್ಚೆ.

ಭಾವನ ಕೈಗೆ ಕೊಟ್ಟೆ. ಅವರು ತುಂಬ ಹೊತ್ತು ನೋಡಿದರು.

"ಬೂಷ್ಟು!"

ಹೌದು, ಬೂಷ್ಟು. ಫೋಟೋಗ್ರಾಫರುಗಳು ಫಂಗಸ್ ಅನ್ನುವುದು ಇದನ್ನೇ. ಉಪ್ಪಿನಕಾಯಿ ಮೇಲೆ, ಚಪ್ಪಲಿ ಮೇಲೆ, ಮಳೆಗಾಲದ ಗೋಡೆ ಮೇಲೆ ಬರುವುದರ ಬಳಗವೇ. ಅದರ ಬೀಜಕಣ ಗಾಳಿಯಲ್ಲಿ ಎಲ್ಲ ಕಡೆ ಇರುತ್ತದೆ. ಲೆನ್ಸ್ ಕಾರ್ಖಾನೆಯಿಂದ ಬರುವಾಗಲೂ ಒಳಗೆ ಒಂದಿಷ್ಟು ಇರಬಹುದು. ಗಾಜು ತಿಂದು ಅದು ಬದುಕುವುದಿಲ್ಲ. ಗಾಜಿನ ಮೇಲಿನ ಧೂಳು, ಬೆರಳಿನ ಜಿಡ್ಡು, ಬಟ್ಟೆಯ ನೂಲು, ಇಷ್ಟು ಸಾಕು ಅದಕ್ಕೆ. ಬೇಕಾದದ್ದು ತೇವ, ಕತ್ತಲೆ ಮತ್ತು ಯಾರೂ ಅಲುಗಾಡಿಸದ ಜಾಗ. ಬೆಳೆಯುತ್ತಾ ಅದು ಆಮ್ಲ ಬಿಡುತ್ತದೆ. ಆ ಆಮ್ಲ ಮೊದಲು ಕೋಟಿಂಗನ್ನು, ಅಂದರೆ ಗಾಜಿನ ಮೇಲಿನ ತೆಳು ಲೇಪವನ್ನು, ತಿನ್ನುತ್ತದೆ, ತುಂಬ ಕಾಲ ಬಿಟ್ಟರೆ ಗಾಜನ್ನೂ ಕೊರೆಯುತ್ತದೆ. ಬೂಷ್ಟನ್ನು ಒರೆಸಬಹುದು. ಕೊರೆದ ಗುರುತು ಹೋಗುವುದಿಲ್ಲ.

ಚಿತ್ರ ಹಾಲಾಗುವುದೂ ಇದರಿಂದಲೇ. ಎದುರಿನಿಂದ ಬರುವ ಬೆಳಕು ಆ ಎಳೆಗಳಿಗೆ ತಾಗಿ ಚದುರುತ್ತದೆ. ಚದುರಿದ ಬೆಳಕು ಇಡೀ ಚಿತ್ರದ ಮೇಲೆ ಬಿದ್ದು ಕಪ್ಪನ್ನು ಬೂದಿ ಮಾಡುತ್ತದೆ. ಬೆಳಕು ಬೆನ್ನಿಗಿದ್ದರೆ ಇದು ಗೊತ್ತೇ ಆಗುವುದಿಲ್ಲ. ಎಷ್ಟೋ ಜನ ಫಂಗಸ್ ಇರುವ ಲೆನ್ಸಿನಲ್ಲೇ ವರ್ಷಗಟ್ಟಲೆ ಫೋಟೋ ತೆಗೆಯುತ್ತಾ ಇರುತ್ತಾರೆ, ಮಾರುವ ದಿನ ಕೊಳ್ಳುವವನು ಟಾರ್ಚ್ ಹಿಡಿದಾಗಲೇ ಗೊತ್ತಾಗುವುದು.

"ಆದ್ರೆ ಮುಂದೆ ಯುವಿ ಫಿಲ್ಟರ್ ಇದೆಯಲ್ಲ, ಫಂಗಸ್ ಬರಬಾರದಿತ್ತು ಅಲ್ವಾ?" ಅಂದರು ಭಾವ. ನನಗೆ ನಗು ಬಂತು, ಆದರೆ ಈ ನಂಬಿಕೆ ಅವರೊಬ್ಬರದಲ್ಲ. ಯುವಿ ಅಂದರೆ ಅತಿನೇರಳೆ ಕಿರಣ, ಅದು ಬೂಷ್ಟನ್ನು ಕೊಲ್ಲುತ್ತದೆ, ಇದು ಯುವಿ ಫಿಲ್ಟರ್, ಹಾಗಾಗಿ ಇದೂ ಕೊಲ್ಲುತ್ತದೆ ಅನ್ನುವ ಲೆಕ್ಕ. ಆ ಫಿಲ್ಟರ್ ಇರುವುದು ಅತಿನೇರಳೆಯನ್ನು ತಡೆಯಲಿಕ್ಕೆ.

ಬೀರುವಿನೊಳಗೆ ನಾಲ್ಕು ತಿಂಗಳು

ಮಳೆಗಾಲದಲ್ಲಿ ಈ ಲೆನ್ಸ್ ಎಲ್ಲಿತ್ತು ಅಂತ ಕೇಳಿದೆ. ಭಾವ ಹೆಮ್ಮೆಯಿಂದಲೇ ಹೇಳಿದರು. ಜೂನ್ ಮೊದಲ ವಾರ ಮಳೆ ಹಿಡಿಯುವಾಗ ಲೆನ್ಸನ್ನು ಒರೆಸಿ, ಚರ್ಮದ ಚೀಲಕ್ಕೆ ಹಾಕಿ, ಅದನ್ನು ಕ್ಯಾಮೆರಾ ಬ್ಯಾಗಿಗೆ ಹಾಕಿ, ಬ್ಯಾಗನ್ನು ಹಳೆ ಟವೆಲಿನಲ್ಲಿ ಸುತ್ತಿ, ನಡುಮನೆಯ ಸಾಗುವಾನಿ ಬೀರುವಿನ ತಳದ ಖಾನೆಯಲ್ಲಿ ಇಟ್ಟಿದ್ದರು. ಜೊತೆಗೆ ಚಪ್ಪಲಿ ಡಬ್ಬಿಯಲ್ಲಿ ಬಂದ, ತೇವ ಹೀರುವ ನಾಲ್ಕು ಸಿಲಿಕಾ ಪೊಟ್ಟಣ. ಅದರ ಮೇಲೆ ನಾಲ್ಕು ನುಸಿ ಗುಳಿಗೆ. ಅಕ್ಟೋಬರ್ ತನಕ ತೆಗೆದಿಲ್ಲ.

"ಮಗು ತರ ನೋಡಿಕೊಂಡಿದ್ದೆ."

ಅದೇ ತೊಂದರೆ ಆದದ್ದು. 35 ಎಂ.ಎಂ. ಲೆನ್ಸನ್ನು ಯಾರೂ ಹಾಗೆ ನೋಡಿಕೊಂಡಿರಲಿಲ್ಲ. ಅದು ಕ್ಯಾಮೆರಾಕ್ಕೆ ಸಿಕ್ಕಿಸಿದ ಹಾಗೇ ಟಿ.ವಿ. ಮೇಲಿನ ಹಲಗೆಯಲ್ಲಿ ಬಿದ್ದಿತ್ತು. ದಿನಾ ಯಾರಾದರೂ ತೆಗೆಯುತ್ತಿದ್ದರು. ಮಳೆಯಲ್ಲಿ ಒಂದೆರಡು ಸಲ ನೆನೆದಿತ್ತು ಕೂಡ. ಹಾರುವ ಕಪ್ಪೆಯ ಫೋಟೋಕ್ಕೆ ಅಂತ ಜುಲೈ ರಾತ್ರಿಯಲ್ಲಿ ಕೆರೆ ಬದಿಗೆ ಹೋಗಿ, ಕ್ಯಾಮೆರಾಕ್ಕೆ ಹಾಲಿನ ಕವರ್ ಕಟ್ಟಿಕೊಂಡು ಬಂದಿದ್ದರು. ಟಾರ್ಚ್ ಹಿಡಿದು ನೋಡಿದರೆ ಆ ಲೆನ್ಸಿನಲ್ಲಿ ಒಂದೆಳೆ ಬೂಷ್ಟಿಲ್ಲ. ಒಂದೇ ಮನೆ, ಒಂದೇ ಮಳೆಗಾಲ, ಎರಡು ಲೆನ್ಸ್. ಒಂದೇ ಉದಾಹರಣೆ ಹಿಡಿದು ನಿಯಮ ಮಾಡಬಾರದು, ನಿಜ. ಆದರೂ ಇಷ್ಟು ಚೆನ್ನಾಗಿ ಜೋಡಿಸಿಟ್ಟ ಪರೀಕ್ಷೆ ಬೇಕು ಅಂದರೂ ಸಿಗುವುದಿಲ್ಲ.

ಒಂದೊಂದಾಗಿ ನೋಡೋಣ. ಚರ್ಮದ ಚೀಲ ಅಂದರೆ ಬೂಷ್ಟಿಗೆ ಊಟ. ಮಳೆಗಾಲದಲ್ಲಿ ಬೆಲ್ಟಿಗೆ ಏನಾಗುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಾ? ಬ್ಯಾಗಿನ ಒಳಗಿನ ಫೋಮ್ ಮತ್ತು ಟವೆಲ್ ಎರಡೂ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತವೆ. ಬೀರು ಇದ್ದದ್ದು ಮಳೆ ಬಡಿಯುವ ಗೋಡೆಗೆ ಒರಗಿ. ತಳದ ಖಾನೆಯಲ್ಲಿ ಗಾಳಿ ಆಡುವುದೇ ಇಲ್ಲ.

ನುಸಿ ಗುಳಿಗೆಯದು ಬೇರೆ ಕತೆ. ಅದು ಬೂಷ್ಟನ್ನು ತಡೆಯುವುದಿಲ್ಲ, ಮೇಲಿಂದ ಅದರ ಆವಿ ಕ್ಯಾಮೆರಾ ಸಾಮಾನಿಗೆ ಒಳ್ಳೆಯದಲ್ಲ. ನಿಕಾನ್ ಕ್ಯಾಮೆರಾಗಳ ಕೈಪಿಡಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿರುತ್ತಾರೆ: ನಾಫ್ತಲಿನ್ ಅಥವಾ ಕರ್ಪೂರದ ಗುಳಿಗೆ ಇರುವಲ್ಲಿ ಇಡಬೇಡಿ, ತೇವಾಂಶ ಶೇ. 60 ದಾಟುವ ಜಾಗದಲ್ಲಿ ಇಡಬೇಡಿ, ತಿಂಗಳಿಗೆ ಒಮ್ಮೆಯಾದರೂ ಹೊರಗೆ ತೆಗೆದು ಕ್ಯಾಮೆರಾ ಆನ್ ಮಾಡಿ ಒಂದಿಷ್ಟು ಸಲ ಕ್ಲಿಕ್ ಮಾಡಿ ಅಂತ. ಕೈಪಿಡಿಯ ಆ ಪುಟವನ್ನು ಯಾರು ಓದುತ್ತಾರೆ ಹೇಳಿ. ನಾನೂ ಓದಿದ್ದು ಈ ಘಟನೆ ಆದ ಮೇಲೆಯೇ.

ಇನ್ನು ಆ ಚಪ್ಪಲಿ ಡಬ್ಬಿಯ ಪೊಟ್ಟಣ. ನಾಲ್ಕೂ ಸೇರಿ ಎಂಟು ಗ್ರಾಂ ಇರಬಹುದು. ಸಿಲಿಕಾ ಜೆಲ್ ಎಷ್ಟೇ ಒಳ್ಳೆಯದಾದರೂ ತನ್ನ ತೂಕದ ಮೂರನೇ ಒಂದು ಭಾಗದಷ್ಟು ನೀರು ಹೀರಿದರೆ ಅದರ ಹೊಟ್ಟೆ ತುಂಬಿತು. ಅಂದರೆ ಎರಡೂವರೆ ಗ್ರಾಂ. ಆ ಬೀರು ಸುಮಾರು ನಾನೂರು ಲೀಟರ್ ಜಾಗ. ಮಳೆಗಾಲದ ಗಾಳಿಯಲ್ಲಿ ಅಷ್ಟು ಜಾಗದಲ್ಲೇ ಏಳು ಗ್ರಾಮಿನಷ್ಟು ನೀರಿನ ಆವಿ ಇರುತ್ತದೆ. ಬಾಗಿಲಿನ ಸಂದಿಯಿಂದ ಹೊಸ ಗಾಳಿ ಬರುತ್ತಲೇ ಇರುತ್ತದೆ. ಆ ಪೊಟ್ಟಣಗಳು ಮೊದಲ ದಿನವೇ ಕೈಚೆಲ್ಲಿರುತ್ತವೆ.

ಉಪ್ಪಿನ ಭರಣಿ

ಸುಮ್ನೆ ಊಹೆ ಮಾಡುವುದು ಬೇಡ ಅಂತ ಮುನ್ನೂರು ರೂಪಾಯಿಯ ಒಂದು ಪುಟ್ಟ ತೇವಾಂಶದ ಮೀಟರ್ ತರಿಸಿದೆ. ಇಂಥ ಮೀಟರುಗಳನ್ನು ಕಣ್ಣುಮುಚ್ಚಿ ನಂಬಬಾರದು. ಐದಾರು ಅಂಕ ಆಚೀಚೆ ತೋರಿಸುವುದು ಮಾಮೂಲು. ಪರೀಕ್ಷೆ ಮಾಡುವ ದಾರಿ ಅಡುಗೆಮನೆಯಲ್ಲೇ ಇದೆ. ಒಂದು ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ನಾಲ್ಕು ಹನಿ ನೀರು ಬಿಟ್ಟು ಕೆಸರು ಮಾಡಿ. ಅದನ್ನೂ ಮೀಟರನ್ನೂ ಒಂದು ಜಿಪ್ ಕವರಿನೊಳಗೆ ಗಾಳಿ ಹೋಗದ ಹಾಗೆ ಮುಚ್ಚಿಡಿ. ಏಳೆಂಟು ಗಂಟೆ ಬಿಟ್ಟು ನೋಡಿದರೆ ಒಳಗಿನ ತೇವಾಂಶ ಶೇ. 75 ಆಗಿರುತ್ತದೆ. ಒದ್ದೆ ಉಪ್ಪಿನ ಮೇಲಿನ ಗಾಳಿಯ ಗುಣವೇ ಅದು. ನಮ್ಮ ಮೀಟರ್ 79 ತೋರಿಸಿತು. ನಾಲ್ಕು ಕಳೆದು ಓದಬೇಕು ಅಂತ ಅದರ ಬೆನ್ನಿಗೆ ಚೀಟಿ ಅಂಟಿಸಿದೆ.

ಅಕ್ಕ ಇದನ್ನೆಲ್ಲ ನೋಡುತ್ತಾ ನಿಂತಿದ್ದಳು. "ಹಾಗಾದ್ರೆ ನನ್ನ ಉಪ್ಪಿನ ಭರಣಿ ನೀರೊಡೆಯುವುದೂ 75 ದಾಟಿದಾಗಲೇನಾ?" ಅಂದಳು.

ನನಗೆ ಅದು ಹೊಳೆದೇ ಇರಲಿಲ್ಲ. ಹೌದು, ಅದೇ ಲೆಕ್ಕ. ಗಾಳಿಯ ತೇವಾಂಶ 75 ದಾಟಿದರೆ ಉಪ್ಪು ನೀರು ಎಳೆದುಕೊಂಡು ಕರಗಲು ಶುರುಮಾಡುತ್ತದೆ. ಕಲ್ಲುಪ್ಪಿನಲ್ಲಿ ಬೇರೆ ಲವಣಗಳೂ ಬೆರೆತಿರುವುದರಿಂದ ಅದು ಇನ್ನೂ ಸ್ವಲ್ಪ ಮೊದಲೇ ಒದ್ದೆಯಾಗುತ್ತದೆ. ಮಲೆನಾಡಿನ ಪ್ರತಿ ಅಡುಗೆಮನೆಯಲ್ಲೂ ತೇವಾಂಶದ ಮೀಟರ್ ಇದೆ, ನಾವು ಅದನ್ನು ಓದಿಲ್ಲ ಅಷ್ಟೆ. ಉಪ್ಪು ನೀರೊಡೆಯಿತು ಅಂದರೆ ಬೀರುವಿನಲ್ಲಿರುವ ಲೆನ್ಸಿಗೆ ಅಪಾಯ ಆಗಲೇ ಬಂದಾಗಿದೆ. ಏಕೆಂದರೆ ಬೂಷ್ಟಿಗೆ 60 ದಾಟಿದ ಮೇಲೆ ಹಿತ ಶುರುವಾಗುತ್ತದೆ.

ದೀಪಾವಳಿ ಹೊತ್ತಿಗೆ ಮಳೆ ಹಿಂದೆ ಸರಿದಿತ್ತು. ಆದರೂ ನಡುಮನೆಯಲ್ಲಿ 74, ಬೀರುವಿನ ತಳದಲ್ಲಿ 81. ಮೀಟರನ್ನು ಅಲ್ಲೇ ಬಿಟ್ಟು ಬಂದೆ. ಮುಂದಿನ ಜುಲೈನಲ್ಲಿ ಅಕ್ಕ ಕ್ಯಾಲೆಂಡರಿನ ಚೌಕದಲ್ಲಿ ದಿನಾ ಬರೆದಿಟ್ಟಳು. ಒಂದು ದಿನದ ಲೆಕ್ಕ ಹೀಗಿದೆ: ಕೋಣೆ 24 ಡಿಗ್ರಿ, ತೇವಾಂಶ 88. ಟಿ.ವಿ. ಮೇಲಿನ ಹಲಗೆ, ಅಂದರೆ ಸದಾ ಬಿಸಿಯಾಗಿರುವ ಸೆಟ್‌ಟಾಪ್ ಬಾಕ್ಸ್ ಪಕ್ಕ, 28 ಡಿಗ್ರಿ, 69. ಗಾಳಿಯಲ್ಲಿರುವ ನೀರು ಅಷ್ಟೇ. ಗಾಳಿ ನಾಲ್ಕು ಡಿಗ್ರಿ ಬಿಸಿಯಾದದ್ದಕ್ಕೆ ತೇವಾಂಶ ಹತ್ತೊಂಬತ್ತು ಅಂಕ ಇಳಿಯಿತು. ಬಿಸಿ ಗಾಳಿ ಜಾಸ್ತಿ ನೀರು ಹಿಡಿಯಬಲ್ಲದು, ಹಾಗಾಗಿ ಅದೇ ನೀರು ಕಮ್ಮಿ ಅನ್ನಿಸುತ್ತದೆ.

ಒಲೆಯ ಮೇಲಿನ ಅಟ್ಟದಲ್ಲಿ ಹಪ್ಪಳ, ಬೆಂಕಿಪೊಟ್ಟಣ ಇಡುವುದು ಇದಕ್ಕೇ. ನಮ್ಮಜ್ಜಿಗೆ ಅಂಕಿ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಲೆನ್ಸನ್ನು ಅಟ್ಟಕ್ಕೆ ಹಾಕಬೇಡಿ ಮತ್ತೆ, ಹೊಗೆ ಮತ್ತು ಜಿಡ್ಡು ಎರಡೂ ಅದಕ್ಕೆ ವೈರಿ.

ಶಿವಮೊಗ್ಗದ ನನ್ನ ಮನೆಯಲ್ಲಿ ಲೆನ್ಸುಗಳು ಮೇಜಿನ ಡ್ರಾಯರಿನಲ್ಲಿ ಹೇಗೆಂದರೆ ಹಾಗೆ ಬಿದ್ದಿರುತ್ತವೆ. ಇಲ್ಲಿಯವರೆಗೆ ಏನೂ ಆಗಿಲ್ಲ. ನಾನು ಜಾಣ ಅಂದುಕೊಂಡಿದ್ದೆ. ಜಾಣತನ ಅಲ್ಲ, ಊರು ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಶಿವಮೊಗ್ಗ ಪೇಟೆಯ ಮಳೆ ಅದರ ಕಾಲುಭಾಗವೂ ಅಲ್ಲ.

ರಿಪೇರಿ

ಹಿಂದಿನ ಗಾಜಿನ ಹೊರಮೈ ಮೇಲಿದ್ದ ಮಚ್ಚೆಗಳನ್ನು ನಾನೇ ತೆಗೆದೆ. ಮೊದಲು ಬ್ಲೋವರ್‌ನಿಂದ ಗಾಳಿ ಊದಿ, ಆಮೇಲೆ ಲೆನ್ಸ್ ದ್ರಾವಣವನ್ನು ಬಟ್ಟೆಗೆ ಹಾಕಿ, ಗಾಜಿನ ಮೇಲೆ ನೇರ ಸುರಿಯದೆ, ನಡುವಿನಿಂದ ಅಂಚಿಗೆ ಒರೆಸಿದೆ. ಪೂರ್ತಿ ಹೋಯಿತು. ಆ ಬಟ್ಟೆಯನ್ನು ಮತ್ತೆ ಬೇರೆ ಲೆನ್ಸಿಗೆ ಬಳಸಲಿಲ್ಲ.

ಒಳಗಿನದು ನನ್ನ ಕೈಗೆ ಎಟುಕುವ ಕೆಲಸ ಅಲ್ಲ. ಇಂಥ ಜೂಮಿನಲ್ಲಿ ಹತ್ತು ಹದಿನೈದು ಗಾಜಿನ ತುಂಡುಗಳು ಕೂದಲೆಳೆ ಲೆಕ್ಕದಲ್ಲಿ ಕೂತಿರುತ್ತವೆ. ಕೈ ನಡುಕ ತಡೆಯುವ ಗಾಜೂ ಒಳಗೇ ಅಲುಗಾಡುತ್ತಾ ಇರುತ್ತದೆ. ವಿಡಿಯೋ ನೋಡಿ ಸ್ಕ್ರೂಡ್ರೈವರ್ ಹಿಡಿಯುವವರಿಗೆ ದೂರದಿಂದಲೇ ನಮಸ್ಕಾರ.

"ಬಿಸಿಲಿಗಿಟ್ಟರೆ ಸಾಯಲ್ವಾ?" ಅಂತ ಭಾವ ಕೇಳಿದರು. ಎಲ್ಲರೂ ಕೇಳುವ ಪ್ರಶ್ನೆ. ಬಿಸಿಲಿನ ಅತಿನೇರಳೆ ಬೂಷ್ಟಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ, ಆದರೆ ಗಾಜಿನ ಪದರಗಳನ್ನು ದಾಟಿ ಒಳಗೆ ಹೋಗುವುದು ಸ್ವಲ್ಪವೇ. ಸತ್ತರೂ ಎಳೆಗಳು ಅಲ್ಲೇ ಅಂಟಿಕೊಂಡಿರುತ್ತವೆ, ಚಿತ್ರ ಹಾಲಾಗುವುದು ತಪ್ಪುವುದಿಲ್ಲ. ಮೇಲಿಂದ ಬಿಸಿಲಿಗೆ ಮುಖ ಮಾಡಿ ಇಟ್ಟ ಲೆನ್ಸ್ ಅಂದರೆ ದೊಡ್ಡ ಭೂತಗನ್ನಡಿ. ಚಿಕ್ಕವರಿದ್ದಾಗ ಕಾಗದ ಸುಟ್ಟ ನೆನಪಿಲ್ವಾ? ಅಂಗಳದಲ್ಲಿ ಒಣಗಿದ ಅಡಿಕೆ ಸಿಪ್ಪೆ ರಾಶಿ ಬೇರೆ ಇತ್ತು.

ಕಂಪನಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದಾಗ ಹೇಳಿದ ಅಂದಾಜು, ಅಂಥದೇ ಹಳೆಯ ಲೆನ್ಸ್ ಸಿಗುವ ಬೆಲೆಯ ಹತ್ತಿರವೇ ಇತ್ತು. ಗಾಜಿನ ಗುಂಪನ್ನೇ ಬದಲಾಯಿಸುತ್ತೇವೆ, ಒರೆಸಿ ಕೊಡುವುದಿಲ್ಲ ಅಂದರು. ಪೇಟೆಯಲ್ಲಿ ಇನ್ನೊಬ್ಬರು, ಇದು ಹೋಯ್ತು, ಉಳಿದ ಲೆನ್ಸಿನ ಹತ್ತಿರವೂ ಇಡಬೇಡಿ, ಅಂಟುತ್ತೆ ಅಂತ ಹೆದರಿಸಿದರು. ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಬೀಜಕಣ ಮೊದಲೇ ಎಲ್ಲ ಕಡೆ ಇರುವಾಗ ಒಂದು ಲೆನ್ಸ್ ಇನ್ನೊಂದಕ್ಕೆ ಅಂಟಿಸಬೇಕಾದದ್ದು ಹೆಚ್ಚೇನಿಲ್ಲ. ಒಂದು ಲೆನ್ಸಿಗೆ ಬೂಷ್ಟು ಬಂದ ಬೀರುವಿನಲ್ಲಿ ಇನ್ನೊಂದಕ್ಕೂ ಬರುತ್ತದೆ, ಏಕೆಂದರೆ ಬೀರು ಅದೇ. ಆದರೂ ಒರೆಸಿಸುವ ತನಕ ಬೇರೆ ಇಟ್ಟರೆ ಕಳೆದುಕೊಳ್ಳುವುದೇನೂ ಇಲ್ಲ ಅಂತ ಬೇರೆ ಇಟ್ಟೆವು.

ಎಲ್ಲ ಬೂಷ್ಟಿಗೂ ಖರ್ಚು ಮಾಡಬೇಕಿಲ್ಲ ಅನ್ನುವುದೂ ನನ್ನ ಅಭಿಪ್ರಾಯ. ಮುಂದಿನ ಗಾಜಿನ ಅಂಚಿನಲ್ಲಿ ಸಣ್ಣ ಚುಕ್ಕಿ ಇದ್ದರೆ, ಲೆನ್ಸನ್ನು ಒಣ ಜಾಗಕ್ಕೆ ಹಾಕಿ ಸುಮ್ಮನಿರಬಹುದು. ಒಣಗಿದರೆ ಅದು ಬೆಳೆಯುವುದಿಲ್ಲ, ಚಿತ್ರದಲ್ಲೂ ಕಾಣುವುದಿಲ್ಲ. ಸೆನ್ಸರಿಗೆ ಹತ್ತಿರದ ಗಾಜಿನಲ್ಲಿದ್ದರೆ ಕಾಟ ಜಾಸ್ತಿ. ಭಾವನದು ನಟ್ಟನಡುವೆ ಇತ್ತು. ಅವರು ಹಕ್ಕಿ ತೆಗೆಯುವುದೂ ಬೆಳಗಿನ ಎದುರು ಬಿಸಿಲಿನಲ್ಲೇ. ಹಾಗಾಗಿ ಒರೆಸಿಸಲೇಬೇಕಿತ್ತು.

ಕೊನೆಗೆ ಬೆಂಗಳೂರಿನ ಒಬ್ಬ ಹಳೆಯ ಮೆಕ್ಯಾನಿಕ್ ಸಿಕ್ಕಿದರು. ಫಿಲ್ಮ್ ಕಾಲದಿಂದ ಇದೇ ಕೆಲಸ ಅವರದು. ಹದಿನೆಂಟು ದಿನ, 3,200 ರೂಪಾಯಿ. ಕೊಡುವಾಗ ಮುಚ್ಚುಮರೆ ಇಲ್ಲದೆ ಹೇಳಿದರು: ಬೂಷ್ಟು ಹೋಗಿದೆ, ಒಂದು ಕಡೆ ಕೋಟಿಂಗ್ ತಿಂದಿದೆ, ಅದು ಹಾಗೇ ಇರುತ್ತದೆ. ಒಂದು ಮಳೆಗಾಲ ಮೊದಲೇ ತಂದಿದ್ದರೆ ಅದೂ ಇರುತ್ತಿರಲಿಲ್ಲವಂತೆ. ಅಂದರೆ ಇದು ಒಂದೇ ವರ್ಷದ ಬೆಳೆ ಅಲ್ಲ. ಹಿಂದಿನ ವರ್ಷವೂ ಅದೇ ಚೀಲ, ಅದೇ ಬೀರು.

ಬಿಚ್ಚಿ ಜೋಡಿಸಿದ ಲೆನ್ಸಿನಲ್ಲಿ ಗಾಜು ಓರೆಯಾಗಿ ಕೂತಿರುವ ಸಾಧ್ಯತೆ ಇರುತ್ತದೆ. ನೋಡಿಕೊಳ್ಳುವುದು ಸುಲಭ. ಕೊಟ್ಟಿಗೆಯ ಜಂಬಿಟ್ಟಿಗೆ ಗೋಡೆಗೆ ಕ್ಯಾಮೆರಾ ನೇರ ನಿಲ್ಲಿಸಿ, ಟ್ರೈಪಾಡ್ ಮೇಲೆ, 300ರಲ್ಲಿ, ಅಪರ್ಚರ್ ಪೂರ್ತಿ ತೆರೆದು ಒಂದು ಚಿತ್ರ. ನಾಲ್ಕು ಮೂಲೆಯನ್ನೂ ದೊಡ್ಡದು ಮಾಡಿ ನೋಡಬೇಕು. ನಾಲ್ಕೂ ಒಂದೇ ರೀತಿ ಮಸುಕಿದ್ದರೆ ಅದು ಲೆನ್ಸಿನ ಸ್ವಭಾವ. ಒಂದು ಮೂಲೆ ಮಾತ್ರ ಕಲಸಿದ್ದರೆ ಮೆಕ್ಯಾನಿಕ್ ಹತ್ತಿರ ವಾಪಸ್ ಹೋಗಬೇಕು. ನಮ್ಮದು ನಾಲ್ಕೂ ಒಂದೇ ಥರ ಇತ್ತು.

ಅಕ್ಕಿ ಡಬ್ಬಿ

ಈಗ ಇಡುವುದು ಎಲ್ಲಿ? ಎಲ್ಲರೂ ಮೊದಲು ಹೇಳುವುದು ಕರೆಂಟಿನ ಡ್ರೈ ಕ್ಯಾಬಿನೆಟ್. ಒಳ್ಳೆಯ ವಸ್ತುವೇ. ಸಣ್ಣ ಫ್ರಿಜ್ಜಿನ ಹಾಗಿರುತ್ತದೆ, ಬೇಕಾದ ಅಂಕಿಗೆ ತಿರುಗಿಸಿಟ್ಟರೆ ತೇವಾಂಶ ಅಲ್ಲೇ ನಿಲ್ಲುತ್ತದೆ, ಕರೆಂಟ್ ಖರ್ಚೂ ಕಮ್ಮಿ. ಆದರೆ ಅಕ್ಕನ ಹಳ್ಳಿಯಲ್ಲಿ ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದರೆ ಮೂರು ನಾಲ್ಕು ದಿನ ಕರೆಂಟಿಲ್ಲ. ಯಾವಾಗ ಬೇಕೋ ಆವಾಗಲೇ ಕೈಕೊಡುವ ಯಂತ್ರ ಯಾಕೆ? ಶಿವಮೊಗ್ಗದಲ್ಲಾದರೆ ತೆಗೆದುಕೊಳ್ಳಿ ಅನ್ನುತ್ತೇನೆ. ಬೀರುವಿನೊಳಗೆ ಸಣ್ಣ ಬಲ್ಬ್ ಉರಿಸುವ ಹಳೆಯ ಉಪಾಯಕ್ಕೂ ಇದೇ ಮಾತು, ಜೊತೆಗೆ ಬಟ್ಟೆ ತಾಗಿ ಬೆಂಕಿ ಹಿಡಿಯುವ ಭಯ ಬೇರೆ.

ಹಾಗಾಗಿ ಪೇಟೆಯ ಪಾತ್ರೆ ಅಂಗಡಿಯಿಂದ ಇಪ್ಪತ್ತು ಲೀಟರಿನ ಪ್ಲಾಸ್ಟಿಕ್ ಅಕ್ಕಿ ಡಬ್ಬಿ ತಂದೆವು. ಮುಚ್ಚಳಕ್ಕೆ ರಬ್ಬರ್ ಪಟ್ಟಿ, ನಾಲ್ಕು ಕಡೆ ಕ್ಲಿಪ್. ಅದರೊಳಗೆ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಮತ್ತು ಆ ಮೀಟರ್. ಒಟ್ಟು ಖರ್ಚು ಎರಡು ಸಾವಿರದ ಒಳಗೆ. ನೀಲಿ ಬಣ್ಣದ ಜೆಲ್ಲೂ ಸಿಗುತ್ತದೆ. ಅದಕ್ಕೆ ಬಣ್ಣ ಕೊಡುವ ಕೋಬಾಲ್ಟ್ ಕ್ಲೋರೈಡ್ ವಿಷ, ಮಕ್ಕಳಿರುವ ಮನೆಗೆ ಬೇಡ.

ಲೆಕ್ಕ ಹಾಕಿದರೆ ಇಪ್ಪತ್ತು ಲೀಟರ್ ಡಬ್ಬಿಯ ಮಳೆಗಾಲದ ಗಾಳಿಯಲ್ಲಿ ಅರ್ಧ ಗ್ರಾಂ ನೀರೂ ಇರುವುದಿಲ್ಲ. ನಿಜವಾಗಿ ಗಾಳಿ ಆಡದ ಡಬ್ಬಿಯಾದರೆ ಸಿಲಿಕಾಕ್ಕೆ ಕೆಲಸವೇ ಇಲ್ಲ. ಹಾಗಂದುಕೊಂಡು ಭಾವ ಇಡೀ ಕ್ಯಾಮೆರಾ ಬ್ಯಾಗನ್ನೇ ಡಬ್ಬಿಗೆ ತುರುಕಿದರು. ಎರಡು ದಿನ ಆದರೂ ಮೀಟರ್ 68ರಿಂದ ಇಳಿಯಲಿಲ್ಲ. ಫೋಮಿನೊಳಗೆ ಕೂತ ತೇವ ಹೊರಬರುತ್ತಲೇ ಇತ್ತು. ಬ್ಯಾಗ್ ಹೊರಗೆ ಹಾಕಿ, ಲೆನ್ಸುಗಳನ್ನು ಬರಿಯಾಗಿ ಇಟ್ಟದ್ದೇ ಒಂದೇ ರಾತ್ರಿಗೆ 22ಕ್ಕೆ ಬಿತ್ತು! ಇದು ವಿಪರೀತ. 30ಕ್ಕಿಂತ ಕೆಳಗೆ ತಿಂಗಳುಗಟ್ಟಲೆ ಇಟ್ಟರೆ ಲೆನ್ಸಿನೊಳಗಿನ ಗ್ರೀಸ್, ರಬ್ಬರ್ ಒಣಗುವ ಭಯ. ಅರ್ಧ ಕಿಲೋ ಜೆಲ್ಲಿನಲ್ಲಿ ಹೆಚ್ಚುಪಾಲು ತೆಗೆದು ಬಾಟಲಿಗೆ ಹಾಕಿದೆವು. ಆಮೇಲೆ 45ರ ಸುಮಾರಿಗೆ ನಿಂತಿತು. 40ರಿಂದ 50ರೊಳಗೆ ಇದ್ದರೆ ಸಾಕು.

ತೋಟದವರಿಗೆ ಒಂದು ವಿಷಯ ಹೇಳುವುದೇ ಬೇಕಾಗಲಿಲ್ಲ. ಅಡಿಕೆಗೆ ಕೊಳೆ ಬಂದ ಮೇಲೆ ಯಾರೂ ಮದ್ದು ಹೊಡೆಯುವುದಿಲ್ಲ, ಮಳೆ ಹಿಡಿಯುವ ಮುಂಚೆ ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣದ ದ್ರಾವಣ, ಹೊಡೆಯುತ್ತಾರೆ. ಮತ್ತೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ. ಭಾವ ಲೆನ್ಸಿಗೂ ಅದೇ ಪಂಚಾಂಗ ಹಿಡಿದರು. ಮೊದಲ ಬೋರ್ಡೋ ಆದ ದಿನ ಡಬ್ಬಿ ಕಟ್ಟುವುದು, ಎರಡನೇ ಬೋರ್ಡೋ ದಿನ ಸಿಲಿಕಾ ಹುರಿಯುವುದು.

ಹುರಿಯುವ ವಿಷಯದಲ್ಲಿ ಒಂದು ಎಡವಟ್ಟಾಯಿತು. ಜೆಲ್ ತೇವ ಕುಡಿದು ಹಸಿರಾದಾಗ ಭಾವ ಅದನ್ನು ಅಡಿಕೆ ಡ್ರೈಯರಿನಲ್ಲಿ ಹರಡಿದರು. ಎರಡು ದಿನ ಕಾದರೂ ಬಣ್ಣ ತಿರುಗಲಿಲ್ಲ. ಡ್ರೈಯರಿನ ಬಿಸಿ ಅಡಿಕೆಗೆ ಸಾಕು, ಇದಕ್ಕೆ ಸಾಲದು. ಸಿಲಿಕಾದಿಂದ ನೀರು ಬಿಡಿಸಲು 100 ಡಿಗ್ರಿ ದಾಟಬೇಕು, 120ರ ಸುಮಾರು ಒಳ್ಳೆಯದು. ಅದಕ್ಕಿಂತ ಜಾಸ್ತಿ ಕಾಯಿಸಿದರೆ ಬಣ್ಣವೇ ಸುಟ್ಟುಹೋಗುತ್ತದೆ, ಆಮೇಲೆ ಒಣಗಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಈಗ ಒಂದು ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಹುರಿಯುತ್ತಾರೆ. ಕಿತ್ತಳೆ ಬಣ್ಣ ತಿರುಗಿದ ಕೂಡಲೇ ಗಾಜಿನ ಬಾಟಲಿಗೆ ಹಾಕಿ ಮುಚ್ಚಳ ಬಿಗಿದು ಆರಿಸುತ್ತಾರೆ. ತೆರೆದಿಟ್ಟು ಆರಿಸಿದರೆ ಆರುವಷ್ಟರಲ್ಲಿ ಮತ್ತೆ ಕುಡಿದಿರುತ್ತದೆ. ಆ ಬಾಣಲೆ ಮತ್ತೆ ಅಡುಗೆಗೆ ಇಲ್ಲ.

ಹುರಿದ ಅಕ್ಕಿ ಹಾಕಿದರೆ ಆಗಲ್ವಾ ಅಂತ ಪಕ್ಕದ ಮನೆಯವರು ಕೇಳಿದರು. ಆಗುವುದಿಲ್ಲ. ಅಕ್ಕಿ ಹೀರುವುದು ಸ್ವಲ್ಪ, ಉದುರಿಸುವ ಹಿಟ್ಟು ಜಾಸ್ತಿ. ಆ ಹಿಟ್ಟೂ ಬೂಷ್ಟಿಗೆ ಊಟವೇ.

ಮುಂದಿನ ಎರಡು ಮಳೆಗಾಲ

ಹೋದ ವರ್ಷ ಆಗಸ್ಟಿನಲ್ಲಿ ಹೋದಾಗ ಡಬ್ಬಿಯಲ್ಲಿ 57 ತೋರಿಸುತ್ತಿತ್ತು. ಯಾಕೆ ಅಂತ ತೆರೆದರೆ ಲೆನ್ಸುಗಳ ಪಕ್ಕದಲ್ಲಿ ಹಲಸಿನ ಹಪ್ಪಳದ ಎರಡು ಕಟ್ಟು. ಮನೆಯಲ್ಲಿ ಒಣ ಜಾಗ ಅಂದರೆ ಅದೊಂದೇ, ಹಪ್ಪಳ ಹಾಕದೆ ಇನ್ನೇನು ಮಾಡಲಿ ಅಂತ ಅಕ್ಕನ ವಾದ. ದಿನಾ ಹಪ್ಪಳಕ್ಕೆ ಅಂತ ತೆರೆದು ಮುಚ್ಚಿ ಮಾಡುತ್ತಿದ್ದಳು, ತೆರೆದಾಗಲೆಲ್ಲ ಹೊಸ ಗಾಳಿ ಒಳಗೆ. ಹಪ್ಪಳ ಹೊರಗೆ ಹೋಯಿತು, ಕೆಳಗೆ ಉದುರಿದ್ದ ಪುಡಿಯನ್ನು ಒರೆಸಿದೆವು.

ಭಾವನ ಅಭ್ಯಾಸವೂ ಬದಲಾಗಿದೆ. ಕಾಡಿನಿಂದ ಬಂದ ಲೆನ್ಸನ್ನು ಒದ್ದೆಯಿದ್ದ ಹಾಗೇ ಡಬ್ಬಿಗೆ ಹಾಕುವುದಿಲ್ಲ. ಒರೆಸಿ, ಒಂದು ರಾತ್ರಿ ಸೆಟ್‌ಟಾಪ್ ಬಾಕ್ಸ್ ಪಕ್ಕ ಇಟ್ಟು, ಬೆಳಿಗ್ಗೆ ಒಳಗೆ. ಉದ್ದ ಆಗುವ ಜೂಮ್ ಪ್ರತಿ ಸಲ ಎಳೆದಾಗಲೂ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ, ಹಾಗಾಗಿ ಮಳೆಯಲ್ಲಿ ಆದಷ್ಟು 35 ಎಂ.ಎಂ.ನಲ್ಲೇ ಕೆಲಸ. ಚರ್ಮದ ಚೀಲ ಈಗ ಅಡಕತ್ತರಿ ಇಡಲಿಕ್ಕೆ.

ಮೊನ್ನೆ ನವರಾತ್ರಿಗೆ ಹೋದಾಗ ದೀಪ ಆರಿಸಿ ಮತ್ತೆ ಟಾರ್ಚ್ ಹಿಡಿದೆವು. ತಿಂದ ಕೋಟಿಂಗಿನ ಗುರುತು ಅಲ್ಲೇ ಇದೆ, ಒಣಗಿದ ನೀರಿನ ಕಲೆಯಷ್ಟು ತೆಳ್ಳಗೆ. ಹೊಸ ಎಳೆ ಒಂದೂ ಇಲ್ಲ. ಎದುರು ಬಿಸಿಲಿನಲ್ಲಿ ಮಂಗಟ್ಟೆಯ ರೆಕ್ಕೆ ಕಪ್ಪಾಗಿಯೇ ಬರುತ್ತಿದೆ. ಸೂರ್ಯ ಚಿತ್ರದ ಒಳಗೇ ಬಂದರೆ ಮಾತ್ರ ಒಂದು ಚೂರು ಹಾಲು. ಮೀಟರ್ 46.

ಅಕ್ಕ ಇನ್ನೊಂದು ಡಬ್ಬಿ ತಂದಿದ್ದಾಳೆ, ಹಪ್ಪಳಕ್ಕೆ ಅಂತಲೇ. ಅದಕ್ಕೂ ಒಂದು ಮೀಟರ್ ಬೇಕಂತೆ.